ಆನೆಯ ಕಿವಿ ನಿಂತರೆ ನಿಮ್ಮ ಕಾಲೂ ನಿಲ್ಲಲಿ

ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟಗಳಲ್ಲಿ ಬೆಳಗಾಗುತ್ತಲೇ ಜನ ಒಬ್ಬರನ್ನೊಬ್ಬರು ಕೇಳುವ ಪ್ರಶ್ನೆ, 'ಇವತ್ತು ಎಲ್ಲಿದೆಯಂತೆ?' ಯಾವುದು ಎಂದು ಯಾರೂ ಬಿಡಿಸಿ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. ಹೆದ್ದಾರಿ ಬದಿಯ ಆನೇಮಹಲ್‌ನಲ್ಲಿ ಬಸ್ಸಿಗೆ ಕಾಯುವವರಿಗೂ ಉತ್ತರ ಬೇಕು, ಯಸಳೂರು, ಹೆತ್ತೂರು, ಬಾಳ್ಳುಪೇಟೆ, ಕೆಂಚಮ್ಮನ ಹೊಸಕೋಟೆ ಕಡೆಯ ಲೈನ್ ಮನೆಗಳಿಂದ ಬುತ್ತಿ ಹಿಡಿದು ಕೆಲಸಕ್ಕೆ ಹೊರಡುವವರಿಗೂ ಬೇಕು. ಈಗ ಆ ಉತ್ತರ ಮೊಬೈಲ್‌ಗೇ ಬರುತ್ತದೆ. ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯ ಸಿಬ್ಬಂದಿ ಹಿಂಡುಗಳ ಬೆನ್ನು ಹತ್ತಿ ಸುತ್ತುತ್ತಾರೆ, ವಾಟ್ಸ್ಆ್ಯಪ್ ಗುಂಪುಗಳಿಗೆ ಸುದ್ದಿ ಹಾಕುತ್ತಾರೆ. ತಮಿಳುನಾಡಿನ ವಾಲ್ಪಾರೈಯಲ್ಲಿ ನೇಚರ್ ಕನ್ಸರ್ವೇಷನ್ ಫೌಂಡೇಷನ್ನಿನವರು ರೂಪಿಸಿದ ಎಸ್ಸೆಮ್ಮೆಸ್, ಧ್ವನಿ ಕರೆ, ರಸ್ತೆ ಬದಿಯ ಎಚ್ಚರಿಕೆ ದೀಪಗಳ ಏರ್ಪಾಡು ಹಾಸನ ಜಿಲ್ಲೆಗೂ ಬಂದಿದೆ. ಕೆಲವು ಹೆಣ್ಣಾನೆಗಳ ಕೊರಳಿನಲ್ಲಿ ರೇಡಿಯೊ ಕಾಲರ್ ಇದೆ.

ಇಷ್ಟಾದರೂ ಮೊಬೈಲ್ ಹೇಳುವುದು ಆನೆ ಎಲ್ಲಿದೆ ಎಂಬುದನ್ನು ಮಾತ್ರ. ಅದಕ್ಕೆ ಸಿಟ್ಟು ಬಂದಿದೆಯೇ, ಹೆದರಿದೆಯೇ, ಹೊಟ್ಟೆ ತುಂಬಿ ಸುಮ್ಮನೆ ನಿಂತಿದೆಯೇ ಎಂಬುದನ್ನು ಆನೆಯೇ ಹೇಳಬೇಕು. ಹೇಳುತ್ತದೆ ಕೂಡ. ಕಿವಿಯಲ್ಲಿ, ಸೊಂಡಿಲಿನಲ್ಲಿ, ತಲೆಯೆತ್ತುವುದರಲ್ಲಿ, ಬಾಲ ಸೆಟೆಸುವುದರಲ್ಲಿ, ಎಲ್ಲಕ್ಕಿಂತ ಹೆಚ್ಚಾಗಿ ಸದ್ದು ನಿಲ್ಲಿಸುವುದರಲ್ಲಿ ಹೇಳುತ್ತದೆ. 2023ರ ಗಣತಿಯಂತೆ ಕರ್ನಾಟಕದಲ್ಲಿ 6,395 ಆನೆಗಳಿವೆ. ದೇಶದ ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಅವುಗಳ ಜೊತೆ ದಾರಿ ಹಂಚಿಕೊಂಡು ಬದುಕುವವರು ಈ ಮಾತಿಲ್ಲದ ಮಾತನ್ನು ಅಷ್ಟಿಷ್ಟಾದರೂ ತಿಳಿದಿರಬೇಕು.

'ಏಕಾಏಕಿ ದಾಳಿ' ಎಂದು ಪತ್ರಿಕೆಗಳಲ್ಲಿ ಓದುತ್ತೇವೆ. ದಾಳಿಗೆ ಸಿಕ್ಕವರ ಪಾಲಿಗೆ ಅದು ಏಕಾಏಕಿಯೇ. ಆದರೆ ಇಂಥ ಸಾವುಗಳಲ್ಲಿ ಹೆಚ್ಚಿನವು ನಡೆಯುವುದು ಅಲ್ಲಿ ಆನೆ ಇದೆಯೆಂದು ಗೊತ್ತಿಲ್ಲದೆ ತೀರಾ ಹತ್ತಿರ ಹೋದಾಗ. ಮುಂಜಾವದ ಮಬ್ಬಿನಲ್ಲೋ, ಸಂಜೆ ಸಾಮಾನು ಹೊತ್ತು ಬರುವಾಗಲೋ, ಕಾಫಿ ಗಿಡದ ಆಚೆ ಬದಿಯಲ್ಲಿ ಹತ್ತು ಹೆಜ್ಜೆಯಲ್ಲಿ ನಿಂತಿದ್ದ ಆನೆಗೂ ಮನುಷ್ಯನಿಗೂ ಒಟ್ಟಿಗೇ ದಿಗಿಲಾಗುತ್ತದೆ. ಆಗ ಅದಕ್ಕೆ ಎಚ್ಚರಿಸಲು ಪುರುಸೊತ್ತಿಲ್ಲ, ನಮಗೆ ಕೇಳಿಸಿಕೊಳ್ಳಲು ಪುರುಸೊತ್ತಿಲ್ಲ. ಆನೆಯ ಭಾಷೆ ಕೆಲಸಕ್ಕೆ ಬರುವುದು ನಡುವೆ ಅಂತರ ಇದ್ದಾಗ ಮಾತ್ರ. ಈ ಲೇಖನದ ಉಳಿದೆಲ್ಲವನ್ನೂ ಆ ಅಂತರ ಇದೆ ಎಂದುಕೊಂಡೇ ಬರೆದಿದ್ದೇನೆ.

ಸಿಟ್ಟಿನ ಮೆಟ್ಟಿಲುಗಳು

ಮೊದಲು ನೆಮ್ಮದಿಯಾಗಿರುವ ಆನೆಯನ್ನು ಗುರುತಿಸಲು ಕಲಿಯಬೇಕು. ಗದ್ದೆ ಬದುವಿನಲ್ಲಿ ಮೇಯುತ್ತಿರುವ ಆನೆಯನ್ನು ದೂರದಿಂದ, ಮನೆಯ ತಾರಸಿಯಿಂದಲೋ ದಿಣ್ಣೆಯ ಮೇಲಿಂದಲೋ ಐದು ನಿಮಿಷ ನೋಡಿ. ಸೊಂಡಿಲಿನಿಂದ ಹುಲ್ಲಿನ ಬುಡ ಸುತ್ತಿ, ಮುಂಗಾಲಿನ ಉಗುರಿನಿಂದ ಒದ್ದು ಕಿತ್ತು, ಬೇರಿನ ಮಣ್ಣು ಉದುರಲೆಂದು ಅದೇ ಕಾಲಿಗೆ ಎರಡು ಸಲ ಬಡಿದು ಬಾಯಿಗಿಡುತ್ತದೆ. ಬಾಲ ಆಚೀಚೆ ತೂಗುತ್ತಿರುತ್ತದೆ. ಕಿವಿಗಳು ಒಂದೇ ಲಯದಲ್ಲಿ ಬೀಸುತ್ತಿರುತ್ತವೆ. ಪ್ರವಾಸಿಗರು ಈ ಬೀಸುವುದನ್ನೇ ಸಿಟ್ಟೆಂದು ತಿಳಿದು ಗಾಬರಿಯಾಗುವುದುಂಟು. ಅದು ಸಿಟ್ಟಲ್ಲ. ಆನೆಗೆ ನಮ್ಮ ಹಾಗೆ ಮೈತುಂಬ ಬೆವರುವ ಚರ್ಮ ಇಲ್ಲ. ಕಿವಿಯ ಹಿಂಬದಿಯ ತೆಳು ಚರ್ಮದಲ್ಲಿ ರಕ್ತನಾಳಗಳ ಜಾಲವೇ ಇದೆ. ಬೀಸಿದಾಗ ಅಲ್ಲಿಯ ರಕ್ತ ತಂಪಾಗಿ ಮೈಗೆ ಮರಳುತ್ತದೆ.

ಹೆದರಬೇಕಾದ್ದು ಆ ಕಿವಿ ನಿಂತಾಗ. ಬೀಸುವುದು ತಟ್ಟನೆ ನಿಂತು, ಹುಲ್ಲು ಬಡಿಯುವುದೂ ನಿಂತು, ಬಾಯಿಗೆ ಹೋಗುತ್ತಿದ್ದ ಸೊಂಡಿಲು ಅರ್ಧಕ್ಕೇ ತಡೆದರೆ ಆನೆ ಏನನ್ನೋ ಆಲಿಸುತ್ತಿದೆ. ಬಹುಪಾಲು ಅದು ನಿಮ್ಮನ್ನೇ. ಇದು ಮೊದಲ ಮೆಟ್ಟಿಲು. ಹಿಂದಿರುಗಲು ಇದಕ್ಕಿಂತ ಒಳ್ಳೆಯ ಹೊತ್ತು ಮತ್ತೆ ಸಿಗುವುದಿಲ್ಲ. ಕಂಡವರಲ್ಲಿ ಹೆಚ್ಚಿನವರು ಮಾತ್ರ ಇದೇ ಹೊತ್ತಿಗೆ ಜೇಬಿನಿಂದ ಮೊಬೈಲ್ ತೆಗೆಯುತ್ತಾರೆ.

ಆಮೇಲೆ ಸೊಂಡಿಲಿನ ತುದಿ ಮೇಲೆದ್ದು, ಕೊಕ್ಕೆಯಂತೆ ಬಾಗಿ, ನಿಮ್ಮ ಕಡೆಗೆ ತಿರುಗುತ್ತದೆ. ಆನೆಯ ಕಣ್ಣು ಅಷ್ಟು ಚುರುಕಿನದಲ್ಲ. ಮೂಗಿನ ಮಾತು ಬೇರೆ. ಜಪಾನಿನ ಸಂಶೋಧಕರು 2014ರಲ್ಲಿ ಆಫ್ರಿಕಾದ ಆನೆಯ ವಂಶವಾಹಿಗಳನ್ನು ಎಣಿಸಿ ನೋಡಿದಾಗ ವಾಸನೆ ಹಿಡಿಯುವ ಜೀನುಗಳೇ ಸುಮಾರು 2,000 ಸಿಕ್ಕವು, ನಾಯಿಯದಕ್ಕಿಂತ ಎರಡು ಪಟ್ಟು. ಹಾಗಾಗಿ ಗಿಡದ ಮರೆಯಲ್ಲಿ ಉಸಿರು ಬಿಗಿಹಿಡಿದು ನಿಂತು ತಪ್ಪಿಸಿಕೊಂಡೆ ಎಂದುಕೊಳ್ಳುವುದು ಭ್ರಮೆ. ಗಾಳಿ ನಿಮ್ಮ ಕಡೆಯಿಂದ ಆನೆಯ ಕಡೆಗೆ ಬೀಸುತ್ತಿದ್ದರೆ ನೀವು ಬಂದದ್ದು ಅದಕ್ಕೆ ಆಗಲೇ ಗೊತ್ತಾಗಿದೆ. ಒಂದು ಲೆಕ್ಕದಲ್ಲಿ ಅದೇ ವಾಸಿ, ಮೊದಲೇ ಗೊತ್ತಾದರೆ ಸರಿದು ಹೋಗುವ ಆನೆಗಳೇ ಹೆಚ್ಚು. ಗಾಳಿ ಅದರ ಕಡೆಯಿಂದ ನಿಮ್ಮತ್ತ ಬೀಸುತ್ತಿದ್ದಾಗಲೇ ಅದಕ್ಕೆ ಸುಳಿವು ಸಿಗದೆ ಹತ್ತಿರದಲ್ಲಿ ಮುಖಾಮುಖಿಯಾಗುವುದು.

ಮೂರನೆಯ ಮೆಟ್ಟಿಲು ಯಾರಿಗೂ ಅರ್ಥವಾಗುವಂಥದು. ಆನೆ ಪೂರ್ತಿ ನಿಮ್ಮತ್ತ ತಿರುಗಿ, ತಲೆ ಎತ್ತಿ, ಎರಡೂ ಕಿವಿಗಳನ್ನು ಅಗಲಕ್ಕೆ ಹರಡಿ ನಿಲ್ಲುತ್ತದೆ. ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಉದ್ದೇಶವೂ ಅದೇ. ಮುಂಗಾಲು ಎತ್ತಿ ಮುಂದೆ ಹಿಂದೆ ತೂಗುತ್ತದೆ, ನೆಲ ಕೆರೆಯುತ್ತದೆ, ಮಣ್ಣೋ ಕೊಂಬೆಯೋ ಸಿಕ್ಕಿದ್ದನ್ನು ಎತ್ತಿ ಎಸೆಯುತ್ತದೆ. ನಮ್ಮ ದೇಶದ ಆನೆಗಳು ಇನ್ನೊಂದು ಮಾಡುತ್ತವೆ. ಸೊಂಡಿಲನ್ನು ನೆಲಕ್ಕೆ ಬಡಿದು ಒಟ್ಟಿಗೇ ಉಸಿರು ಹೊರಬಿಡುತ್ತವೆ. ಖಾಲಿ ಡ್ರಮ್ಮಿಗೆ ಕೈಯಿಂದ ಹೊಡೆದಂಥ ಸದ್ದು ಅದು. ಕತ್ತಲಲ್ಲಿ ಈ ಸದ್ದು ಕೇಳಿದರೆ ಏನೆಂದು ನೋಡಲು ಟಾರ್ಚ್ ಬಿಡುತ್ತಾ ಮುಂದೆ ಹೋಗಬೇಡಿ. ಇಷ್ಟರವರೆಗೆ ಆನೆ ಎರಡು ಮನಸ್ಸಿನಲ್ಲಿದೆ. ಕಾಲು ತೂಗುವುದು, ಸೊಂಡಿಲ ತುದಿಯನ್ನು ಮತ್ತೆ ಮತ್ತೆ ತನ್ನ ಬಾಯಿಗೇ ಮುಟ್ಟಿಸಿಕೊಳ್ಳುವುದು ಆ ತಾಕಲಾಟದ ಗುರುತು. ಅದಕ್ಕೆ ನಿಮ್ಮ ಮೇಲೆ ಬರಬೇಕೆಂದಿಲ್ಲ, ನೀವು ಹೋಗಬೇಕು ಎಂದಷ್ಟೇ ಇದೆ.

ನೀವು ಹೋಗದಿದ್ದರೆ ನುಗ್ಗುತ್ತದೆ. ನುಗ್ಗುವುದರಲ್ಲಿ ಎರಡು ಬಗೆ. ಕಿವಿ ಹರಡಿಕೊಂಡು, ಘೀಳಿಟ್ಟು, ಧೂಳೆಬ್ಬಿಸಿ ಹತ್ತಿಪ್ಪತ್ತು ಹೆಜ್ಜೆ ಬಂದು ಗಕ್ಕನೆ ನಿಲ್ಲುವುದು ಬೆದರಿಕೆ. ಕಿವಿಯನ್ನು ಕತ್ತಿನ ಕಡೆಗೆ ಒತ್ತಿ, ಸೊಂಡಿಲನ್ನು ಒಳಕ್ಕೆ ಸುರುಳಿ ಸುತ್ತಿ, ತಲೆ ತಗ್ಗಿಸಿ, ಸದ್ದಿಲ್ಲದೆ ನೇರ ಬರುವುದು ನಿಜವಾದ ದಾಳಿ. ಆನೆಯ ಜೊತೆ ಕೆಲಸ ಮಾಡುವವರು ಈ ವ್ಯತ್ಯಾಸವನ್ನು ಮೊದಲು ಹೇಳಿಕೊಡುತ್ತಾರೆ. ಆದರೆ ನಾನು ಇದನ್ನು ಅಳುಕಿನಿಂದಲೇ ಬರೆಯುತ್ತಿದ್ದೇನೆ. 'ಇದು ಬರೀ ಬೆದರಿಕೆ, ನಿಂತು ನೋಡೋಣ' ಎಂದು ಯಾರಾದರೂ ನಿಂತರೆ ಈ ತಿಳಿವಳಿಕೆಯೇ ಅವರಿಗೆ ಮುಳುವಾಗುತ್ತದೆ. ಬೆದರಿಸಲು ಹೊರಟ ಆನೆ ಎದುರಿಗಿದ್ದವನು ಎಡವಿ ಬಿದ್ದದ್ದನ್ನು ಕಂಡು ಮನಸ್ಸು ಬದಲಿಸಬಹುದು. ಗುರುತುಗಳು ಕಲಸಿಕೊಂಡೂ ಬರುತ್ತವೆ. ನುಗ್ಗುತ್ತಿರುವ ಆನೆಯ ಕಿವಿ ಯಾವ ಕಡೆಗಿದೆ ಎಂದು ಪರೀಕ್ಷಿಸುವ ಹೊತ್ತು ಅದಲ್ಲ. ಏಷ್ಯಾದ ಆನೆ ಗಂಟೆಗೆ ಸುಮಾರು 25 ಕಿಲೋಮೀಟರ್ ವೇಗದಲ್ಲಿ ಬರಬಲ್ಲದೆಂದು ಥಾಯ್ಲೆಂಡಿನಲ್ಲಿ ಅಳೆದು ನೋಡಿದ್ದಾರೆ. ಗಮ್‌ಬೂಟು ಹಾಕಿಕೊಂಡು ಕಾಫಿ ಗಿಡಗಳ ನಡುವೆ ಆ ವೇಗದಲ್ಲಿ ಓಡುವ ಮನುಷ್ಯ ಇಲ್ಲ.

ಕಾಣದ ಆನೆ, ಕೇಳದ ದನಿ

ಮೇಲೆ ಹೇಳಿದ್ದೆಲ್ಲ ಬಯಲಿನಲ್ಲಿ ಕಾಣುವ ಆನೆಯ ಮಾತಾಯಿತು. ನಮ್ಮ ತೋಟಗಳಲ್ಲಿ ಆನೆ ಕಾಣುವುದೇ ಅಪರೂಪ. ಆಳೆತ್ತರ ಮೀರಿದ ರೋಬಸ್ಟಾ, ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್, ಕೆಳಗೆ ಏಲಕ್ಕಿಯ ಪೊದೆ. ಅಷ್ಟು ದೊಡ್ಡ ಪ್ರಾಣಿ ಹದಿನೈದು ಅಡಿ ದೂರದಲ್ಲಿ ನೆರಳಿನ ಬಣ್ಣಕ್ಕೆ ಬೆರೆತು ನಿಂತರೆ ಗೊತ್ತಾಗುವುದಿಲ್ಲ. ಇಲ್ಲಿ ಕಿವಿಯೇ ಕಣ್ಣು. ಬೈನೆ ಮರ ಸೀಳುವ, ಬಾಳೆ ಮುರಿಯುವ, ಬಿದಿರು ಎಳೆಯುವ ಸದ್ದು ಒಂದೇ ಸಮನೆ ಬರುತ್ತಿದೆಯೆಂದರೆ ಆನೆ ಅದರ ಪಾಡಿಗೆ ಮೇಯುತ್ತಿದೆ, ಅತ್ತ ಹೋಗದಿದ್ದರಾಯಿತು. ಆ ಸದ್ದು ನಡುವೆಯೇ ಕಡಿದು ಹೋದರೆ ನಿಮ್ಮ ಸುಳಿವು ಅದಕ್ಕೆ ಸಿಕ್ಕಿದೆ. ಬಯಲಿನಲ್ಲಿ ಕಿವಿ ನಿಂತದ್ದಕ್ಕೆ ಏನರ್ಥವೋ ತೋಟದಲ್ಲಿ ಸದ್ದು ನಿಂತದ್ದಕ್ಕೂ ಅದೇ ಅರ್ಥ.

ಆನೆಗಳು ತಮ್ಮತಮ್ಮಲ್ಲಿ ಆಡುವ ಮಾತಿನ ಒಂದು ಪಾಲು ನಮ್ಮ ಕಿವಿಗೆ ಬೀಳುವುದೇ ಇಲ್ಲ. 1984ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್ ಮೃಗಾಲಯದಲ್ಲಿ ಕೇಟಿ ಪೇಯ್ನ್ ಎಂಬ ಸಂಶೋಧಕಿ ಏಷ್ಯಾದ ಆನೆಗಳ ಪಕ್ಕ ನಿಂತಿದ್ದಾಗ ಸದ್ದಿಲ್ಲದಿದ್ದರೂ ಗಾಳಿಯಲ್ಲಿ ಏನೋ ಅದುರಿದ ಹಾಗೆ ಅವರಿಗೆ ಅನ್ನಿಸಿತು. ಧ್ವನಿಮುದ್ರಣ ಮಾಡಿ ಪರೀಕ್ಷಿಸಿದಾಗ ಆನೆಗಳು 14ರಿಂದ 24 ಹರ್ಟ್ಸ್‌ನಷ್ಟು ತಗ್ಗಿನ ದನಿಯಲ್ಲಿ ಕರೆಯುತ್ತವೆಂದು ಗೊತ್ತಾಯಿತು. 1986ರಲ್ಲಿ ಅವರೂ ಜೊತೆಗಾರರೂ ಅದನ್ನು ಪ್ರಕಟಿಸಿದರು. ಮನುಷ್ಯನ ಕಿವಿ 20 ಹರ್ಟ್ಸ್‌ಗಿಂತ ಕೆಳಗಿನದನ್ನು ಹಿಡಿಯುವುದಿಲ್ಲ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ತಂಡ ಮುದುಮಲೈ ಕಾಡಿನಲ್ಲಿ ಕಾಡಾನೆಗಳ ಕೂಗುಗಳನ್ನು ಮುದ್ರಿಸಿ 2009ರಲ್ಲಿ ಅವನ್ನು ನಾಲ್ಕು ಬಗೆಯಾಗಿ ವಿಂಗಡಿಸಿತು: ಘೀಳು, ಚೀತ್ಕಾರದಂಥ ಕಿರುದನಿ, ಗರ್ಜನೆ ಮತ್ತು ಗುಡುಗಿನಂಥ ತಗ್ಗಿದ ಗುರುಗುಟ್ಟು. ಘೀಳಿಟ್ಟರೆ ಸಿಟ್ಟೆಂದೇ ತಿಳಿಯಬೇಕಿಲ್ಲ, ಹೆದರಿಕೆಗೂ ಗಡಿಬಿಡಿಗೂ ಘೀಳಿಡುತ್ತವೆ.

ಇದರಿಂದ ತೋಟದವರಿಗೆ ತಿಳಿಯಬೇಕಾದದ್ದು ಒಂದೇ. ಕಣ್ಣಿಗೆ ಬಿದ್ದದ್ದು ಒಂದೇ ಆನೆ ಎಂದು ಅಲ್ಲಿರುವುದು ಒಂದೇ ಎಂದುಕೊಳ್ಳಬೇಡಿ. ಹಿಂಡಿನ ಉಳಿದವು ಓಣಿಯ ಆಚೆ ಇರಬಹುದು, ನಿಮಗೆ ಕೇಳದ ದನಿಯಲ್ಲಿ ಒಂದಕ್ಕೊಂದು ಓಗೊಡುತ್ತಿರಬಹುದು. ಆನೆ ದಾಟಿದ ಮೇಲೆ 'ಹೋಯಿತು, ಬನ್ನಿ' ಎಂದು ತಕ್ಷಣ ಕಾಲಿಟ್ಟವರು ಹಿಂದೆ ಬರುತ್ತಿದ್ದ ಮರಿಗೂ ತಾಯಿಗೂ ನಡುವೆ ಸಿಕ್ಕಿಕೊಳ್ಳುತ್ತಾರೆ. ಮರಿಯಿರುವ ಹಿಂಡಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹೆಣ್ಣಾನೆಗಳು ಗುಂಪುಗೂಡಿ ಮರಿಯನ್ನು ನಡುವೆ ಹಾಕಿಕೊಂಡವೆಂದರೆ ಎಚ್ಚರಿಕೆ ಕೊಟ್ಟಾಗಿದೆ.

ಮಳೆಗಾಲದಲ್ಲಿ ಈ ಕಿವಿಯ ವಿದ್ಯೆಯೂ ಕೈಕೊಡುತ್ತದೆ. ಆಷಾಢದ ಮಳೆ ಎಲೆಗಳ ಮೇಲೆ ಹೊಯ್ಯುವಾಗ ಪಕ್ಕದವರ ಮಾತೇ ಕೇಳದು. ಅಂಥ ದಿನ ನೆಲ ನೋಡಿ ನಡೆಯಬೇಕು. ಲದ್ದಿ ಹಸಿಯಾಗಿ ಆವಿಯಾಡುತ್ತಿದೆಯೇ, ಹೆಜ್ಜೆಗುಂಡಿಯ ನೀರು ಇನ್ನೂ ರಾಡಿಯಾಗಿದೆಯೇ ತಿಳಿಯಾಗಿದೆಯೇ, ಮುರಿದ ಕೊಂಬೆಯ ಎಲೆ ಬಾಡಿದೆಯೇ ಇಲ್ಲವೇ, ಬೇಲಿ ತಂತಿ ಯಾವ ಕಡೆಗೆ ಬಾಗಿದೆ ಎಂಬುದನ್ನೆಲ್ಲ ನೋಡಬೇಕು. ರಾಡಿ ನೀರು ಕಂಡರೆ ಅಲ್ಲಿಂದಲೇ ವಾಪಸ್ಸು. ಹಲಸು ಹಣ್ಣಾಗುವಾಗ ಮನೆಯ ಹತ್ತಿರದ ಮರಗಳ ಕೆಳಗೆ, ನವೆಂಬರ್–ಡಿಸೆಂಬರಿನಲ್ಲಿ ಭತ್ತ ತೆನೆಯಾದಾಗ ಗದ್ದೆ ಬಯಲಿನಲ್ಲಿ ಈ ಗುರುತುಗಳನ್ನು ಎರಡು ಪಟ್ಟು ಎಚ್ಚರಿಕೆಯಿಂದ ನೋಡಬೇಕು.

ಲೆಕ್ಕಕ್ಕೆ ಸಿಗದ ಸಿಟ್ಟು

ಮೆಟ್ಟಿಲು ಮೆಟ್ಟಿಲಾಗಿ ಏರುವ ಸಿಟ್ಟಿನ ಲೆಕ್ಕ ಎರಡು ಕಡೆ ತಪ್ಪುತ್ತದೆ. ಒಂದು ಮದ. ಪ್ರಾಯಕ್ಕೆ ಬಂದ ಗಂಡಾನೆಗೆ ವರ್ಷಕ್ಕೊಮ್ಮೆ ಕೆಲವು ವಾರ, ಕೆಲವೊಮ್ಮೆ ತಿಂಗಳುಗಟ್ಟಲೆ ಮದ ಬರುತ್ತದೆ. ಕಣ್ಣಿಗೂ ಕಿವಿಗೂ ನಡುವಿನ ಗ್ರಂಥಿ ಊದಿ ಅಲ್ಲಿಂದ ಕಪ್ಪಗಿನ ಅಂಟು ದ್ರವ ಕೆನ್ನೆಗುಂಟ ಬಾಯಿಯವರೆಗೆ ಇಳಿಯುತ್ತದೆ. ಮೂತ್ರ ತೊಟ್ಟಿಕ್ಕುತ್ತ ಹಿಂಗಾಲಿನ ಒಳಬದಿ ಸದಾ ಒದ್ದೆ. ಟೆಸ್ಟೊಸ್ಟೆರೋನ್ ಹಾರ್ಮೋನು ಹತ್ತಾರು ಪಟ್ಟು ಏರಿರುತ್ತದೆ. ಇದರಲ್ಲೂ ಆನೆಗಳಿಗೆ ತಮ್ಮದೇ ಸಂಕೇತಗಳಿವೆ. ರಾಸ್ಮುಸೆನ್ ಎಂಬ ಅಮೆರಿಕದ ರಸಾಯನ ವಿಜ್ಞಾನಿ ತಮಿಳುನಾಡಿನ ಹೆಸರಾಂತ ಆನೆ ವೈದ್ಯ ಕೃಷ್ಣಮೂರ್ತಿ ಮೊದಲಾದವರ ಜೊತೆ 2002ರಲ್ಲಿ ತೋರಿಸಿದಂತೆ ಎಳೆ ಗಂಡಿನ ಮದಜಲಕ್ಕೆ ಜೇನಿನ ಸುವಾಸನೆ, ಬಲಿತ ಸಲಗದ್ದಕ್ಕೆ ದುರ್ವಾಸನೆ. ಹುಡುಗ ಆನೆ ಆ ಜೇನಿನ ವಾಸನೆಯಿಂದಲೇ 'ನಾನಿನ್ನೂ ಚಿಕ್ಕವನು' ಎಂದು ದೊಡ್ಡವರಿಗೆ ತಿಳಿಸಿ ಏಟು ತಪ್ಪಿಸಿಕೊಳ್ಳುತ್ತದೆ. ಮನುಷ್ಯರಿಗೆ ಅಂಥ ರಿಯಾಯಿತಿ ಇಲ್ಲ. ಕೆನ್ನೆಯ ಮೇಲೆ ಕಪ್ಪು ಗೆರೆ ಕಂಡ ಸಲಗದ ಕಿವಿ, ಕಾಲು ನೋಡುತ್ತ ಕೂರಬೇಡಿ. ಕಂಡ ತಕ್ಷಣ ದೂರ ಸರಿಯಿರಿ, ಊರಿಗೆ ತಿಳಿಸಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲೇ 'ಮಾನಸೋಲ್ಲಾಸ'ದಲ್ಲಿ ಆನೆ ಹಿಡಿಯುವುದು, ಪಳಗಿಸುವುದು, ಮದವೇರಿದ ಆನೆಯನ್ನು ಆಡಿಸುವುದು ಎಲ್ಲವನ್ನೂ ಬರೆಸಿಟ್ಟಿದ್ದಾನೆ. ನಮ್ಮ ನಾಡಿಗೆ ಇದೇನೂ ಹೊಸ ವಿಷಯವಲ್ಲ.

ಇನ್ನೊಂದು ನೋವು. ಗುಂಡೇಟು, ಉರುಳು, ಸಲಗಗಳ ಕಾಳಗದಲ್ಲಿ ಆದ ಗಾಯ, ಯಾವುದೇ ಇರಲಿ, ಗಾಯಗೊಂಡ ಆನೆ ಮುನ್ಸೂಚನೆ ಕೊಡಲೇಬೇಕೆಂದಿಲ್ಲ. 2023ರ ಆಗಸ್ಟ್ ಕೊನೆಯಲ್ಲಿ ಆಲೂರು ತಾಲ್ಲೂಕಿನಲ್ಲಿ ಗಾಯಗೊಂಡಿದ್ದ ಭೀಮ ಎಂಬ ಸಲಗಕ್ಕೆ ಚಿಕಿತ್ಸೆ ಕೊಡಿಸಲು ಅರಿವಳಿಕೆ ಮದ್ದು ಹೊಡೆಯಲು ಹೋಗಿದ್ದ 'ಆನೆ ವೆಂಕಟೇಶ್' ಅದರ ದಾಳಿಯಲ್ಲಿ ಪ್ರಾಣ ಬಿಟ್ಟರು. ಆನೆ ಹಿಡಿಯುವ ಕೆಲಸದಿಂದಲೇ ಹೆಸರಿಗೆ 'ಆನೆ' ಸೇರಿದ್ದ ಮನುಷ್ಯ ಅವರು. ಅದೇ ವರ್ಷ ಡಿಸೆಂಬರ್ 4ರಂದು ಸಕಲೇಶಪುರ ತಾಲ್ಲೂಕಿನ ಯಸಳೂರು ಬಳಿಯ ದಬ್ಬಳ್ಳಿಕಟ್ಟೆಯಲ್ಲಿ ಕಾಡಾನೆ ಸೆರೆಗೆ ಹೋಗಿದ್ದ ಅರ್ಜುನ ಎಂಬ ಸಾಕಾನೆ ಕಾಡು ಸಲಗವೊಂದರ ಜೊತೆ ಕಾದಾಡಿ ಸತ್ತಿತು. ಮೈಸೂರು ದಸರಾದಲ್ಲಿ 2012ರಿಂದ 2019ರವರೆಗೆ ಎಂಟು ಸಲ ಚಿನ್ನದ ಅಂಬಾರಿ ಹೊತ್ತ ಆನೆ ಅದು. ಆನೆಯ ಮನಸ್ಸನ್ನು ಆನೆಗಿಂತ ಚೆನ್ನಾಗಿ ಬಲ್ಲವರು ಯಾರು? ಅರ್ಜುನನಿಗೂ ಅದು ಸಾಲದಾಯಿತು. ಗುರುತು ಕಲಿತವರು ಗುರುತಿನ ಭರವಸೆಯ ಮೇಲೆ ಹತ್ತಿರ ಹೋಗಬಾರದು ಎನ್ನುವುದು ಇದಕ್ಕೇ.

ನಮ್ಮ ಮೈ ಏನು ಹೇಳುತ್ತದೆ?

ನಾವು ಆನೆಯನ್ನು ಓದುವಾಗ ಆನೆಯೂ ನಮ್ಮನ್ನು ಓದುತ್ತದೆ. ಕೀನ್ಯದ ಅಂಬೊಸೆಲಿಯಲ್ಲಿ ನಡೆದ ಅಧ್ಯಯನಗಳು ಇದನ್ನು ಚೆನ್ನಾಗಿ ತೋರಿಸಿವೆ. ಈಟಿ ಹಿಡಿಯುವ ಮಸಾಯಿ ಜನ ಉಟ್ಟ ಬಟ್ಟೆಯ ವಾಸನೆ ಬಂದರೆ ಅಲ್ಲಿನ ಆನೆಗಳು ದೂರ ಓಡುತ್ತಿದ್ದವು, ಬೇಸಾಯಗಾರ ಕಾಂಬಾ ಜನರ ಬಟ್ಟೆಗೆ ಅಷ್ಟು ಬೆದರುತ್ತಿರಲಿಲ್ಲ ಎಂದು 2007ರಲ್ಲಿ ಕಂಡುಬಂತು. 2014ರ ಇನ್ನೊಂದು ಅಧ್ಯಯನದಲ್ಲಿ ಮಸಾಯಿ ಗಂಡಸಿನ ದನಿ, ಹೆಂಗಸಿನ ದನಿ, ಹುಡುಗನ ದನಿ ಇವುಗಳ ವ್ಯತ್ಯಾಸವನ್ನೂ ಅವು ಗುರುತಿಸಿದವು. ನಮ್ಮ ಆನೆಗಳ ಅನುಭವವೂ ಕಮ್ಮಿಯದೇನಲ್ಲ. ಉಚ್ಚ ನ್ಯಾಯಾಲಯದ ಆದೇಶದಂತೆ ರಚನೆಯಾಗಿ, ವಿಜ್ಞಾನಿ ರಾಮನ್ ಸುಕುಮಾರ್ ಅಧ್ಯಕ್ಷರಾಗಿದ್ದ ಕರ್ನಾಟಕ ಆನೆ ಕಾರ್ಯಪಡೆ ಎಂಬ ಸಮಿತಿ 2012ರಲ್ಲಿ ಕೊಟ್ಟ ವರದಿ ಈ ಭಾಗದಿಂದ ಆನೆಗಳನ್ನು ತೆರವು ಮಾಡಬೇಕೆಂದು ಹೇಳಿತ್ತು. 2014ರಲ್ಲಿ ಆಲೂರು ಸುತ್ತಿನಿಂದ 22 ಆನೆಗಳನ್ನು ಹಿಡಿದು ಸಾಗಿಸಿದರು. ಉಳಿದವು, ಆಮೇಲೆ ಬಂದವು ಎಲ್ಲ ಪಟಾಕಿ, ಕೂಗು, ಜೀಪಿನ ಬೆಳಕು ಇವುಗಳ ನಡುವೆಯೇ ಬೆಳೆದಿವೆ. ಮನುಷ್ಯನ ಗುಂಪು ಕಂಡರೆ ಅವುಗಳಿಗೆ ಏನು ನೆನಪಾಗುತ್ತದೆ ಎಂದು ಊಹಿಸುವುದು ಕಷ್ಟವಲ್ಲ.

ಕಲ್ಲು ಎಸೆಯುವುದು, ಪಟಾಕಿ ಹೊಡೆಯುವುದು, ಎದುರಿಗೆ ಸಾಲಾಗಿ ನಿಲ್ಲುವುದು ಆನೆಯ ಭಾಷೆಯಲ್ಲಿ ಜಗಳಕ್ಕೆ ಕರೆದಂತೆ. ಬೆನ್ನು ತಿರುಗಿಸಿ ಕಿರುಚುತ್ತ ಓಡುವುದು ಅಟ್ಟಿಸಿಕೊಂಡು ಬಾ ಎಂದಂತೆ. ಎದುರಾದಾಗ ಮೊದಲು ನಿಲ್ಲಿ. ಅದರ ಮೇಲೆ ಕಣ್ಣಿಟ್ಟುಕೊಂಡೇ, ಕೈ ಬೀಸದೆ, ನಿಧಾನ ಹಿಂದೆ ಹೆಜ್ಜೆ ಹಾಕಿ. ಅದು ಹೋಗಬೇಕಾದ ದಾರಿಗೆ ಅಡ್ಡ ನಿಂತಿದ್ದೀರಾ ಎಂದು ನೋಡಿಕೊಂಡು ಪಕ್ಕಕ್ಕೆ ಸರಿಯಿರಿ. ದಪ್ಪ ಮರ, ಕಾಂಕ್ರೀಟ್ ಮನೆ, ಆಳದ ಚರಂಡಿ ಯಾವುದಾದರೂ ನಡುವೆ ಬರುವಂತೆ ಮಾಡಿಕೊಳ್ಳಿ. ನಮ್ಮ ಕಡೆ ಹಿರಿಯರು ಆನೆ ಎದುರಾದರೆ 'ಹೋಗಪ್ಪಾ ಗಣಪತಿ, ನಿನ್ನ ದಾರಿ ನಿನಗೆ' ಎಂದು ಕೈಮುಗಿಯುವುದುಂಟು. ನಗಬೇಕಾಗಿಲ್ಲ, ಕೈಮುಗಿದವರು ಕಲ್ಲೆಸೆಯುವುದಿಲ್ಲ, ದನಿಯನ್ನೂ ಏರಿಸುವುದಿಲ್ಲ. ಆದರೆ ಕೈ ಮುಗಿದಿರುವಾಗಲೇ ಕಾಲು ಹಿಂದಕ್ಕೆ ಹೋಗುತ್ತಿರಬೇಕು.

ನಿಜವಾಗಿಯೂ ನುಗ್ಗಿ ಬಂದರೆ? ಕೈಯಲ್ಲಿರುವ ಚೀಲ, ಛತ್ರಿ, ಜರ್ಕಿನ್ ಅದರ ದಾರಿಗೆ ಎಸೆದು ಓಡಿ. ಅದು ಆ ವಸ್ತುವಿನ ಮೇಲೆ ಸಿಟ್ಟು ತೀರಿಸಿಕೊಳ್ಳುವಷ್ಟು ಹೊತ್ತು ನಿಮಗೆ ಸಿಗಬಹುದು. ಕಡಿದಾದ ಇಳಿಜಾರಿನಲ್ಲಿ ಆನೆ ಹಿಂಜರಿಯುತ್ತದೆ ಎನ್ನುತ್ತಾರೆ. ಘಟ್ಟದ ಆನೆಗಳು ಇಳಿಯುವ ಇಳಿಜಾರುಗಳನ್ನು ನೋಡಿದವರು ಆ ಮಾತಿನ ಮೇಲೆ ಪ್ರಾಣ ಪಣಕ್ಕಿಡಲಾರರು. ಕಟ್ಟಡ ಹತ್ತಿರವಿದ್ದರೆ ಕಟ್ಟಡವೇ ವಾಸಿ.

ನಾಯಿಯ ವಿಷಯ ಬೇರೆಯೇ ಹೇಳಬೇಕು. ತೋಟಕ್ಕೆ ನಾಯಿ ಕರೆದುಕೊಂಡು ಹೋದರೆ ರಕ್ಷಣೆ ಎಂದು ಎಷ್ಟೋ ಮಂದಿ ನಂಬಿದ್ದಾರೆ. ನಾಯಿ ಮುಂದೆ ಓಡಿ ಆನೆಗೆ ಬೊಗಳುತ್ತದೆ, ಆನೆ ತಿರುಗಿಬಿದ್ದರೆ ಬಾಲ ಮುದುರಿಕೊಂಡು ಓಡಿ ಬರುವುದು ಯಜಮಾನನ ಕಾಲ ಬುಡಕ್ಕೇ. ಹಿಂದೆಯೇ ಆನೆ. ಆನೆಯಿರುವ ದಿನ ನಾಯಿ ಮನೆಯಲ್ಲಿರಲಿ.

ವಾಹನದವರಿಗೆ ನಾಲ್ಕೇ ಮಾತು. ಬಿಸಿಲೆ ರಸ್ತೆಯಲ್ಲೋ ತೋಟದ ದಾರಿಯಲ್ಲೋ ಆನೆ ಕಂಡರೆ ದೂರದಲ್ಲೇ ನಿಲ್ಲಿಸಿ. ಹಾರ್ನ್ ಬೇಡ, ಹೈ ಬೀಮ್ ಬೇಡ. ಇಂಜಿನ್ ಚಾಲೂ ಇರಲಿ, ಹಿಂದಕ್ಕೆ ಹೋಗಲು ಜಾಗ ಇರಲಿ. ಬೈಕಿನವರು ಪಕ್ಕದಿಂದ ನುಗ್ಗಿಸಿಕೊಂಡು ಹೋಗುವ ಸಾಹಸ ಮಾಡಬಾರದು.

ಮಾತಿಲ್ಲದೆ ತಿಳಿಸುವುದನ್ನು ಆನೆಗಳಿಂದ ನಾವೂ ಕಲಿಯಬಹುದು. ಹತ್ತು ಹದಿನೈದು ಜನ ಸಾಲಾಗಿ ಕಾಫಿ ಕೊಯ್ಲಿಗೋ ಮರಗಸಿಗೋ ಹೋಗುವಾಗ ಮುಂದಿದ್ದವರಿಗೆ ಆನೆ ಕಂಡರೆ ಸಾಮಾನ್ಯವಾಗಿ ಆಗುವುದೇನು? 'ಅಯ್ಯೋ, ಆನೆ!' ಎಂಬ ಕೂಗು, ಬುಟ್ಟಿ ಬಿಸಾಡಿ ದಿಕ್ಕಿಗೊಬ್ಬರು ಓಟ. ಯಾರು ಯಾವ ಕಡೆ ಓಡಿದರು ಎಂದು ಯಾರಿಗೂ ಗೊತ್ತಿರುವುದಿಲ್ಲ, ಒಬ್ಬಿಬ್ಬರು ಆನೆಯ ಕಡೆಗೇ ಓಡಿರುತ್ತಾರೆ. ಇದರ ಬದಲು ಗುಂಪಿನವರು ಮೊದಲೇ ಮೂರು ಕೈಸನ್ನೆ ಗೊತ್ತುಮಾಡಿಕೊಂಡರೆ ಸಾಕು. ಅಂಗೈ ಎತ್ತಿದರೆ ಎಲ್ಲರೂ ನಿಲ್ಲುವುದು, ತೋಳು ಚಾಚಿದರೆ ಆನೆ ಆ ದಿಕ್ಕಿನಲ್ಲಿದೆ ಎಂದು, ಅಂಗೈಯನ್ನು ಹಿಂದಕ್ಕೆ ತಳ್ಳಿದರೆ ಬಂದ ದಾರಿಯಲ್ಲೇ ವಾಪಸ್ಸು. ಅನುಭವಸ್ಥರೊಬ್ಬರು ಮುಂದೆ, ಇನ್ನೊಬ್ಬರು ಕೊನೆಯಲ್ಲಿ. ನಡುವೆ ಯಾರೂ ಇಯರ್‌ಫೋನ್ ಹಾಕಿಕೊಳ್ಳಬಾರದು. ಕೆಲಸ ಕಲಿಸುವಷ್ಟೇ ಕಡ್ಡಾಯವಾಗಿ ಇದನ್ನು ಕಲಿಸಬೇಕು. ಈಗೀಗ ದೂರದ ಅಸ್ಸಾಂನಿಂದ, ಉತ್ತರದ ಊರುಗಳಿಂದ ಬರುವ ಕೆಲಸದವರಿಗೆ ಕನ್ನಡ ಬಾರದು. ಸನ್ನೆಗೆ ಭಾಷೆಯ ತೊಡಕಿಲ್ಲ.

ಸಿಟ್ಟು ಇಳಿಯುವುದಕ್ಕೂ ಗುರುತುಗಳಿವೆ. ಥಾಯ್ಲೆಂಡಿನ ಆನೆ ಶಿಬಿರವೊಂದರಲ್ಲಿ ಸಂಶೋಧಕರು ನೋಡಿದ್ದನ್ನು 2014ರಲ್ಲಿ ಪ್ರಕಟಿಸಿದರು. ಒಂದು ಆನೆ ಬೆದರಿದರೆ ಜೊತೆಯವು ಹತ್ತಿರ ಬಂದು ಸೊಂಡಿಲನ್ನು ಅದರ ಮುಖಕ್ಕೆ, ಬಾಯೊಳಗೆ ಮುಟ್ಟಿಸಿ, ಕಿರುದನಿಯಲ್ಲಿ ಸಮಾಧಾನ ಮಾಡುತ್ತವೆ. ಗದ್ದೆಯ ಆಚೆ ಹಿಂಡಿನಲ್ಲಿ ಇದು ಕಂಡರೆ, ಮತ್ತೆ ಕಿವಿ ಬೀಸತೊಡಗಿದರೆ, ಮಣ್ಣು ಬಡಿದು ಹುಲ್ಲು ತಿನ್ನತೊಡಗಿದರೆ ಗಂಡಾಂತರ ಸದ್ಯಕ್ಕೆ ಸರಿದಿದೆ. ನೀವು ಆಗಲೂ ಅಲ್ಲಿ ನಿಂತು ನೋಡಬೇಕಾದದ್ದೇನೂ ಇಲ್ಲ.

ತೋಟದ ಮಾಲೀಕರಲ್ಲಿ, ರೈಟರುಗಳಲ್ಲಿ ಒಂದು ಕೋರಿಕೆ. ಆನೆಯಿದೆ ಎಂಬ ಸಂದೇಶ ಬಂದ ದಿನ ಬೆಳಕು ಚೆನ್ನಾಗಿ ಹರಿದ ಮೇಲೆಯೇ ಕೆಲಸ ಶುರುಮಾಡಿಸಿ, ಸಂಜೆ ಬೇಗ ಬಿಡಿ. ಆ ಒಂದೆರಡು ಗಂಟೆಯ ಕೂಲಿಯನ್ನು ಹಿಡಿದುಕೊಳ್ಳಬೇಡಿ, ಹಿಡಿದುಕೊಂಡರೆ ನಾಳೆ ಆನೆ ಕಂಡರೂ ಯಾರೂ ಹೇಳುವುದಿಲ್ಲ. ನಿಮ್ಮ ವಲಯ ಅರಣ್ಯ ಕಚೇರಿಯ, ಆನೆ ಕಾರ್ಯಪಡೆಯ ಫೋನ್ ನಂಬರುಗಳನ್ನೂ ತುರ್ತು ಕರೆಯ 112ನ್ನೂ ಲೈನ್ ಮನೆಯ ಗೋಡೆಯ ಮೇಲೆ, ಕತ್ತಲಲ್ಲೂ ಟಾರ್ಚ್ ಬಿಟ್ಟು ಓದುವಷ್ಟು ದಪ್ಪ ಅಕ್ಷರದಲ್ಲಿ, ಕನ್ನಡದಲ್ಲೂ ಹಿಂದಿಯಲ್ಲೂ ಬರೆಸಿ. ಈ ವಾರವೇ ಬರೆಸಿ, ಭತ್ತ ತೆನೆಯಾಗುವವರೆಗೆ ಕಾಯಬೇಡಿ.